ಪೂಜೆಯಾದ ಕಂಪ್ಯೂಟರು

ಒಳಗೆ ಯಾರನ್ನು ಬಿಡಬೇಕು, ಹೊರಗೆ ಯಾರನ್ನು ನಿಲ್ಲಿಸಬೇಕು ಎಂಬ ಪ್ರಶ್ನೆ ಮನುಷ್ಯ ಗೋಡೆ ಕಟ್ಟಲು ಕಲಿತಾಗಿನಿಂದ ಅವನನ್ನು ಕಾಡಿದೆ. ನನ್ನನ್ನು ಅದು ಕಾಡಿದ್ದು ಕುರುಗೋಡು ಶಾಖೆಯಲ್ಲಿ, ಕೈಯಲ್ಲಿ ಒಗ್ಗರಣೆ ಮಂಡಕ್ಕಿಯ ಪೊಟ್ಟಣ ಹಿಡಿದಿದ್ದಾಗ.

ನಾನು ಸಹಕಾರಿ ಬ್ಯಾಂಕೊಂದರ ಬಳ್ಳಾರಿ ಕಚೇರಿಯ ಗುಮಾಸ್ತ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಒಮ್ಮೆ ಹರಿಯದಂತೆ ಎಳೆದಿದ್ದೆ. ಆ ಸಾಧನೆಯ ಬಲದ ಮೇಲೆ ನನ್ನನ್ನು ಕಂಪ್ಯೂಟರ್ ಪಂಡಿತನೆಂದು ಘೋಷಿಸಲಾಗಿತ್ತು. ಆಗಲೇ ಮೇಲಿನಿಂದ ಆದೇಶ ಬಂತು: ತಿಂಗಳ ಕೊನೆಯೊಳಗೆ ಬಳ್ಳಾರಿಯ ನೆಟ್‌ವರ್ಕಿಗೆ ಸೇರದ ಶಾಖೆಯನ್ನು ಮುಚ್ಚಿ, ಸಿಬ್ಬಂದಿಯನ್ನು ಸಿರುಗುಪ್ಪಕ್ಕೆ ಕಳಿಸುವುದು. ಕುರುಗೋಡಿನ ಹಳೆಯ ಕಂಪ್ಯೂಟರು ಅಷ್ಟರಲ್ಲೇ ಪ್ರಾಣ ಬಿಟ್ಟಿತ್ತು.

ಅಲ್ಲಿ ಟೈಪಿಂಗ್ ನೋಡುತ್ತಿದ್ದ ಹೆಂಗಸಿನ ಗಂಡ ಲಕ್ವ ಹೊಡೆದು ಮಲಗಿದ್ದರು. ಮಧ್ಯಾಹ್ನ ಆಕೆ ಹಿಂದಿನ ಓಣಿಯ ಮನೆಗೆ ಹೋಗಿ, ಅವರಿಗೆ ಗಂಜಿ ಕುಡಿಸಿ, ಮಗ್ಗುಲು ಬದಲಿಸಿ ಬರುತ್ತಿದ್ದರು. ಸಿರುಗುಪ್ಪದಿಂದ ಹಾಗೆ ಬಂದು ಹೋಗಲಾಗದು.

ಶಾಖೆಯ ಮ್ಯಾನೇಜರು ಬಳ್ಳಾರಿಯ ಪಾರ್ವತಿನಗರದ ಅಂಗಡಿಯೊಂದರಿಂದ ಹೊಸ ಕಂಪ್ಯೂಟರು ತಂದರು. ನಾನು ಬಸ್ಸಿಳಿದು ಹೋಗುವಷ್ಟರಲ್ಲಿ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ ಆಗಿತ್ತು. ಕಾಯಿ ಒಡೆದ ನೀರು ಕೀಬೋರ್ಡಿಗೆ ಸಿಡಿದಿತ್ತು. ನಮ್ಮ ಕಡೆ ಟ್ರ್ಯಾಕ್ಟರಿಗೂ ಹಿಟ್ಟಿನ ಗಿರಣಿಗೂ ಸಲ್ಲುವ ಮರ್ಯಾದೆ ಅದು. ಪೂಜೆಗೆ ಮೊದಲು ಕರೆಂಟು ಕೊಡುವಂತಿಲ್ಲ.

ಕರೆಂಟು ಕೊಟ್ಟು ನೋಡಿದೆ. ಒಳಗಿನ ಸಾಫ್ಟ್‌ವೇರು ಹೋಮ್ ಎಡಿಶನ್. ಮನೆ ಬಳಕೆಗೆಂದು ಮಾಡಿದ್ದು. ಕಚೇರಿಯ ನೆಟ್‌ವರ್ಕಿಗೆ ಸೇರಿಸುವ ಬಟನ್ನೇ ಅದರಲ್ಲಿ ಇರುವುದಿಲ್ಲ. ಇಲ್ಲದ ಬಟನ್ನನ್ನು ನಾನು ಬಹಳ ಹೊತ್ತು ಭಕ್ತಿಯಿಂದ ಹುಡುಕಿದೆ.

"ಸರ, ಸೇರ್ತೈತೇನ್ರಿ?" ಆಕೆ ಬೆನ್ನ ಹಿಂದೆ ನಿಂತು ಕೇಳಿದರು.

"ಇದು ಸೇರಂಗಿಲ್ರಿ ಅಕ್ಕಾರ. ಕಚೇರಿಗೆ ಪ್ರೊ ಎಡಿಶನ್ ಬೇಕು."

"ಅಂಗಡ್ಯಾಗ ಬದಲಿ ಕೊಡ್ತಾರಲ್ರಿ?"

ಮರುದಿನ ಮ್ಯಾನೇಜರೂ ನಾನೂ ಅದನ್ನು ಬಳ್ಳಾರಿಗೆ ಹೊತ್ತೆವು. ಅಂಗಡಿಯವನು ಕುಂಕುಮವನ್ನು ಬೆರಳಿಂದ ಮುಟ್ಟಿ ನೋಡಿದ.

"ಹೆಣ್ಣು ನೋಡೂದು ಬಿಟ್ಟು ತಾಳಿ ಕಟ್ಟಿ ತಂದೀರಲ್ರಿ ಸಾರ್! ಪೂಜಿ ಆದ ಮಾಲು ಇನ್ನೊಬ್ರು ತಗಂತಾರೇನ್ರಿ?"

"ಒರೆಸಿದ್ರ ಹೋಗತೈತಿ ಬಿಡ್ರಿ," ಎಂದು ಮ್ಯಾನೇಜರು ಕರ್ಚೀಪು ತೆಗೆದರು.

"ಕುಂಕುಮ ಹೋಗತೈತ್ರಿ. ಕಾಯಿನೀರು?"

ಒರೆಸಿದಷ್ಟೂ ಕುಂಕುಮ ಕೀಬೋರ್ಡಿನ ಸಂದಿಗಿಳಿಯಿತು. ಕಂಪ್ಯೂಟರನ್ನು ವಾಪಸ್ ಹೊತ್ತು ತಂದೆವು.

ಲೈಸೆನ್ಸ್ ಕೊಂಡರೆ ಅದನ್ನೇ ಪ್ರೊ ಮಾಡಬಹುದಿತ್ತು. ಅದಕ್ಕೆ ಮೇಲಿನ ಮಂಜೂರಾತಿ ಬೇಕು; ಸ್ವಂತ ಖರ್ಚಿನಲ್ಲಿ ಹಾಕಿಸಿದ್ದು ಕಚೇರಿಯಲ್ಲಿ ನಡೆಯದು. ಮೇಲಿನ ಕಚೇರಿಗೆ ಬರೆದೆ, ಫೋನೂ ಮಾಡಿದೆ.

"ನಿನ್ನೆ ತಂದಿದ್ದಕ್ಕ ಇವತ್ತ ರಿಪೇರಿ ಏನ್ರೀ ಪಂಡಿತರೇ?" ಎಂದು ಅಲ್ಲಿನ ಸಾಹೇಬರು ನಕ್ಕು ಫೋನಿಟ್ಟರು.

ತಿಂಗಳ ಕೊನೆಯ ದಿನ ಆಕೆ ಕಂಪ್ಯೂಟರಿಗೆ ಬಟ್ಟೆ ಹೊದಿಸಿದರು, ಮನೆಯಲ್ಲಿ ಮಲಗಿದವರಿಗೆ ಹೊದಿಸುವ ಹಾಗೆಯೇ, ಅಂಚು ಒಳಗೆ ಮಡಿಸಿ.

"ಸಿರುಗುಪ್ಪಕ್ಕ ಹೋಗಾಕ ಆಗಂಗಿಲ್ರಿ ಸರ. ಮಧ್ಯಾಹ್ನ ಅವರಿಗೆ ಯಾರು ಉಣಸ್ತಾರ್ರಿ?"



ಮಂಜೂರಾತಿ ಮುಂದಿನ ತಿಂಗಳು ಬಂತು. ಕಂಪ್ಯೂಟರು ಈಗ ಸಿರುಗುಪ್ಪ ಶಾಖೆಯಲ್ಲಿದೆ, ನೆಟ್‌ವರ್ಕಿಗೆ ಸೇರಿದೆ. ಆಕೆ ಕೆಲಸ ಬಿಟ್ಟರು.