ಟಗರಿನ ಕೊಂಬಿನ ಉಂಗುರ

ದೀಪಾವಳಿ ಹತ್ತಿರ ಬಂತೆಂದರೆ ಶಿಕಾರಿಪುರದ ನಮ್ಮ ಓಣಿಯಲ್ಲಿ ಹೋರಿಗಳ ಕೊಂಬು ಹೆರೆಯುವ ಕೆಲಸ ಶುರುವಾಗುತ್ತದೆ. ಮೊನ್ನೆ ಎದುರು ಮನೆಯವರು ತಮ್ಮ ಹೋರಿಯನ್ನು ಬಿಗಿಯಾಗಿ ಕಟ್ಟಿ ಕೊಂಬು ಉಜ್ಜುತ್ತಿದ್ದರು. ಬಿಳಿ ಪುಡಿ ಉದುರುತ್ತಿತ್ತು. ಉಗುರು ಸುಟ್ಟಂಥ, ಕೂದಲು ಕಮರಿದಂಥ ಆ ವಾಸನೆ ಜಗುಲಿಯವರೆಗೂ ಬಂತು. ಕುಡಿಯುತ್ತಿದ್ದ ಚಹಾ ಕೈಯಲ್ಲೇ ಆರಿತು. ಭಾವ ನೆನಪಾದರು... ಭಾವ ನೆನಪಾದಾಗಲೆಲ್ಲ ನನಗೆ ಮೊದಲು ಬರುವುದು ದುಃಖವಲ್ಲ, ಸಿಟ್ಟು.

ಭಾವ ಅಂದರೆ ನನ್ನ ಅಕ್ಕನ ಗಂಡ. ಸೊರಬದ ಕಡೆಯವರು, ಲೈನ್‌ಮನ್ ಕೆಲಸ. ನಮ್ಮ ಹುಟ್ಟೂರು ತೊಗರ್ಸಿ ಹತ್ತಿರದ ಹಳ್ಳಿ. ಸ್ವಲ್ಪ ಹೊಲ, ಒಂದು ಹಿಂಡು ಕುರಿ. ನಿಶ್ಚಿತಾರ್ಥದ ಮಾತುಕತೆಗೆ ಅವರು ತಮ್ಮ ಅಣ್ಣನ ಜೊತೆ ನಮ್ಮ ಮನೆಗೆ ಬಂದಿದ್ದರು. ವರನಿಗೆ ಬಂಗಾರದ ಉಂಗುರ ಹಾಕುತ್ತೇವೆ ಎಂದು ಅಪ್ಪ ಹೇಳುತ್ತಿದ್ದಂತೆ ಭಾವ ಮಾತಾಡಿದರು.

"ಮಾವ, ನಂಗೆ ಬಂಗಾರ ಬ್ಯಾಡ. ಕಂಬ ಹತ್ತೋ ಕೈ ಇದು. ಬಂಗಾರ, ಬೆಳ್ಳಿ, ತಾಮ್ರ... ಕರೆಂಟಿಗೆ ಎಲ್ಲಾ ಒಂದೇ."

ಅವರ ಅಣ್ಣ ಗೊಳ್ಳೆಂದು ನಕ್ಕರು. "ಉಂಗುರ ಇಲ್ದೆ ನಿಶ್ಚಿತಾರ್ಥ ಮಾಡ್ಕಳಕ್ಕೆ ನಾವೇನ್ ಬಿಟ್ಟಿ ಬಿದ್ದೀವಾ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕನ ದನಿ ಕೇಳಿಸಿತು. "ಕರೆಂಟ್ ಹರೀಲಾರದಂಥಾ ಉಂಗುರ ಮಾಡಿಸಿದ್ರಾತು." ಭಾವ ತಲೆಯೆತ್ತಿ ಅವಳನ್ನು ಸರಿಯಾಗಿ ನೋಡಿದ್ದು ಆಗಲೇ. ಈ ಸಂಬಂಧ ಆಗುತ್ತದೆ ಎಂದು ನನಗೂ ಆಗಲೇ ಗೊತ್ತಾಯಿತು.

ಮುಂದಿನ ದಿನಗಳಲ್ಲಿ ನಮ್ಮ ಮನೆ ಬಡಗಿಯ ಕೊಟ್ಟಿಗೆಯಂತಾಯಿತು. ಮೊದಲು ಅಪ್ಪ ಸಾಗವಾನಿ ತುಂಡಿನಲ್ಲಿ ಮಾಡಿ ನೋಡಿದರು. ತೆಳ್ಳಗೆ ಕೆತ್ತುವಷ್ಟರಲ್ಲಿ ಸೀಳಿತು. ತೆಂಗಿನ ಕರಟ ಬೆರಳಿಗೆ ಏರಿಸುವಾಗಲೇ ಮುರಿಯಿತು. ಕಪ್ಪು ದಾರ ಸುತ್ತಿದರಾಯಿತು ಎಂದೆ ನಾನು. ಅದೇನು ದೃಷ್ಟಿಗೆ ಕಟ್ಟುವುದೇ ಎಂದು ಅಕ್ಕ ಗದರಿದಳು. ಕೊನೆಗೆ ಅಪ್ಪ ಅಟ್ಟದಿಂದ ನಮ್ಮ ಹಳೆಯ ಟಗರಿನ ಕೊಂಬು ಇಳಿಸಿದರು. ವಯಸ್ಸಾಗಿ ಸತ್ತ ಟಗರು ಅದು. ಹಿಂಡಿನ ಮುಂದೆ ನಡೆಯುತ್ತಿದ್ದ ಅದನ್ನು ಅಪ್ಪ ಮಕ್ಕಳಿಗಿಂತ ಹೆಚ್ಚು ಮುದ್ದು ಮಾಡಿದ್ದರು. ಕೊಂಬಿನಿಂದ ಒಂದು ಬಿಲ್ಲೆ ಕೊಯ್ದು, ಕಾದ ಸಲಾಕೆಯಿಂದ ತೂತು ಮಾಡಿ, ಗಾಜಿನ ಚೂರಿನಲ್ಲಿ ಹೆರೆದು, ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದರು. ಮನೆಯೆಲ್ಲ ಆ ಸುಟ್ಟ ವಾಸನೆ. ಉಂಗುರ ಮಾತ್ರ ಜೇನುತುಪ್ಪದ ಬಣ್ಣಕ್ಕೆ ತಿರುಗಿ ಮಿರಮಿರ ಮಿಂಚಿತು. ಅಷ್ಟು ಚಂದದ ಉಂಗುರವನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ.

ನಿಶ್ಚಿತಾರ್ಥದ ದಿನ ಅಕ್ಕ ಅದನ್ನು ಭಾವನ ಬೆರಳಿಗೆ ಹಾಕಿದಾಗ ಅವರ ಕಡೆಯವರಲ್ಲಿ ಗುಸುಗುಸು ಎದ್ದಿತು. ಭಾವನ ಅಣ್ಣ ಎದ್ದು ನಿಂತು, "ಸತ್ತ ಕುರಿ ಕೊಂಬನ್ನ ಗಂಡಿನ ಕೈಗೆ ಹಾಕ್ತೀರಲ್ರೀ, ಇದೇನ್ ಒಡವೆನಾ? ಮಾನ ಮರ್ಯಾದೆ ಏನಾದ್ರೂ ಉಂಟಾ?" ಎಂದರು. ಜೇಬಿನಿಂದ ತಾವೇ ತಂದಿದ್ದ ಬಂಗಾರದ ಉಂಗುರ ತೆಗೆದು ತಮ್ಮನ ಅದೇ ಬೆರಳಿಗೆ, ಕೊಂಬಿನ ಉಂಗುರದ ಮೇಲೆ ತುರುಕಿದರು. ಅಪ್ಪ ಹೆಣ್ಣು ಕೊಡುವವರಲ್ಲವೇ, ನೆಲ ನೋಡುತ್ತ ಕೂತರು. ಅವತ್ತು ಒಬ್ಬನಾದರೂ "ಮದುವೆ ಆಗುವವನು ಅವನು, ಬೆರಳೂ ಅವನದು" ಎನ್ನಬೇಕಿತ್ತು. ಯಾರೂ ಅನ್ನಲಿಲ್ಲ.

ಮದುವೆಯಾಯಿತು. ಕೊಂಬಿನ ಉಂಗುರ ಸದಾ ಭಾವನ ಬೆರಳಲ್ಲಿರುತ್ತಿತ್ತು. ಬಂಗಾರದ್ದು ಟ್ರಂಕಿನಲ್ಲಿ. ನೆಂಟರ ಮನೆಯ ಕಾರ್ಯಗಳಿಗೆ ಹೋಗುವಾಗ ಮಾತ್ರ ಅಣ್ಣನ ಕಾಟಕ್ಕೆ ಅದು ಹೊರಗೆ ಬರುತ್ತಿತ್ತು, ಕೊಂಬಿನದು ಮನೆಯಲ್ಲಿ ಉಳಿಯುತ್ತಿತ್ತು.

ಹಾಗೆ ಒಮ್ಮೆ ಬಂಗಾರದ ಉಂಗುರ ಹೊರಗೆ ಬಂದದ್ದು ಚಂದ್ರಗುತ್ತಿ ಕಡೆಯ ಒಂದು ಗೃಹಪ್ರವೇಶಕ್ಕೆ. ಊಟಕ್ಕೆ ಕೂರುವ ಹೊತ್ತಿಗೆ ಫೋನು ಬಂತು. ಪಕ್ಕದ ಊರಲ್ಲಿ ತಂತಿ ಹರಿದಿದೆ, ಕುಡಿಯುವ ನೀರಿನ ಮೋಟರು ನಿಂತಿದೆ ಎಂದು. ಭಾವ ಎದ್ದರು. ಬೆರಳು ದಪ್ಪಗಾಗಿತ್ತು, ಸೋಪು ಹಚ್ಚಿ ತಿರುಗಿಸಿದರೂ ಉಂಗುರ ಗೆಣ್ಣು ದಾಟಲಿಲ್ಲ. "ಬೆರಳಲ್ಲಿದ್ರೆ ಏನು ಕಚ್ಚುತ್ತಾ ಮಾರಾಯ, ಹೋಗ್ ಬಾ" ಎಂದರಂತೆ ಅಣ್ಣ.

ಲೈನು ಆಫ್ ಮಾಡಿಸಿಯೇ ಭಾವ ಕಂಬ ಹತ್ತಿದ್ದರು. ತಂತಿ ಕಟ್ಟಲು ತೊಡಕಾಗುತ್ತದೆಂದು ಕೈಗವಸು ಬಿಚ್ಚಿದ್ದರು. ಯಾರದೋ ಮನೆಯ ಜನರೇಟರಿನಿಂದ ಕರೆಂಟು ಹಿಂದಕ್ಕೆ ಹರಿದು ಬಂತು. ತಂತಿ ತಾಗಿದ್ದು ಉಂಗುರಕ್ಕೇ. ಸೊಂಟಕ್ಕೆ ಬೆಲ್ಟ್ ಇದ್ದದ್ದರಿಂದ ಕೆಳಗೆ ಬೀಳಲಿಲ್ಲ, ಜೀವ ಉಳಿಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಬಲಗೈಯ ಉಂಗುರದ ಬೆರಳನ್ನೂ ಕಿರುಬೆರಳನ್ನೂ ತೆಗೆದರು. ಉಂಗುರ ಇದ್ದ ಸುತ್ತಲೇ ಮೂಳೆಯವರೆಗೆ ಸುಟ್ಟಿದೆ ಎಂದು ಡಾಕ್ಟರು ನಮ್ಮೆಲ್ಲರ ಎದುರಿಗೇ ಹೇಳಿದರು.

ಅದನ್ನು ಕೇಳಿಸಿಕೊಂಡ ಮೇಲೂ ಅಣ್ಣ ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತು ಬಂದವರಿಗೆಲ್ಲ ಹೇಳಿದ್ದು ಏನು ಗೊತ್ತೇ? "ನಾನು ಅವತ್ತೇ ಹೇಳಿದ್ದೆ. ಸತ್ತ ಪ್ರಾಣಿದು ತಂದು ಮದ್ವೆ ಮಾಡ್ಕಂಡ್ರೆ ಇನ್ನೇನಾಗುತ್ತೆ." ಬಂದವರು ಹೌದೌದು ಎಂದು ತಲೆಯಾಡಿಸಿದರು! ಬೆರಳು ಸುಟ್ಟ ಬಂಗಾರ ಶುಭವಾಗಿಯೇ ಉಳಿಯಿತು. ಆ ಹೊತ್ತಿನಲ್ಲಿ ಮನೆಯ ಗೂಡಿನಲ್ಲಿ ತಣ್ಣಗೆ ಕೂತಿದ್ದ ಕೊಂಬು ಅನಿಷ್ಟವಾಯಿತು. ಅದನ್ನು ತೊಡಿಸಿದ ಅಕ್ಕನೂ ಅನಿಷ್ಟವಾದಳು. ಆಮೇಲೆ ಆ ಮನೆತನದ ಯಾವ ಬಸುರಿಯ ಸೀಮಂತಕ್ಕೂ ಅವಳನ್ನು ಕರೆಯಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ.

ಭಾವ ಕೊಂಬಿನ ಉಂಗುರವನ್ನು ಎಡಗೈಗೆ ಹಾಕಿಕೊಂಡರು. ಕಂಬ ಹತ್ತುವ ಕೆಲಸ ಹೋಗಿ ಕಚೇರಿಯಲ್ಲಿ ಕೂರುವ ಕೆಲಸ ಬಂತು.

ವರ್ಷಗಳಾದ ಮೇಲೆ ಆ ಅಣ್ಣನ ಮಗನ ನಿಶ್ಚಿತಾರ್ಥ. ಹುಡುಗನಿಗೆ ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸ. ತಿರುಗುವ ಗರಗಸದ ಮುಂದೆ ದಿನವಿಡೀ ಕೈ. ಹೆಣ್ಣಿನ ಕಡೆಯವರು ತಟ್ಟೆಯಲ್ಲಿ ದಪ್ಪ ಬಂಗಾರದ ಉಂಗುರ ತಂದಾಗ ಭಾವ ಎದ್ದರು. ನಾನು ಅವರ ಪಕ್ಕದಲ್ಲೇ ಇದ್ದೆ.

"ಅಣ್ಣಾ, ಮೆಷಿನ್ ಮುಂದೆ ನಿಲ್ಲೋ ಹುಡುಗ. ಬಂಗಾರ ಬ್ಯಾಡ. ಬೇರೆ ಏನಾದ್ರೂ ಹಾಕ್ಲಿ."

"ನಿನ್ನ ಅನಿಷ್ಟಾನ ನನ್ನ ಮಗನಿಗೆ ತಾಗಿಸ್ಬ್ಯಾಡ, ಕೂತ್ಕ."

ಭಾವ ಕೂರಲಿಲ್ಲ. ಮೂರು ಬೆರಳಿನ ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಯಾವತ್ತೂ ಏರದ ದನಿ ಏರಿತ್ತು. "ಇದನ್ನ ತಿಂದಿದ್ದು ನನ್ ಹೆಂಡ್ತಿ ಹಾಕಿದ ಕೊಂಬಲ್ಲ. ನೀನು ತುರುಕಿದ ಬಂಗಾರ. ಇಷ್ಟು ವರ್ಷ ಅವ್ಳ ಮೇಲೆ ಹಾಕಿದ್ರಲ್ಲ, ಒಬ್ರಿಗಾದ್ರೂ ನಾಚ್ಕೆ ಆಗ್ಲಿಲ್ವಾ?"

ವಾಲಗದವರೂ ನಿಲ್ಲಿಸಿದರು. ಅಕ್ಕ ಸೆರಗು ಬಾಯಿಗೊತ್ತಿ ಅಳುತ್ತಿದ್ದಳು. ಆದರೂ ಕಾರ್ಯ ನಿಲ್ಲಲಿಲ್ಲ. ಹುಡುಗ ತಲೆ ತಗ್ಗಿಸಿಕೊಂಡೇ ಬೆರಳು ಚಾಚಿದ. ಭಾವ, ಅಕ್ಕ, ನಾನು ಊಟ ಮಾಡದೆ ಬಸ್ಸು ಹತ್ತಿದೆವು. ಆ ಹುಡುಗ ಈಗ ಮಿಲ್ಲಿಗೆ ಹೋಗುವಾಗ ಉಂಗುರ ಬಿಚ್ಚಿಡುತ್ತಾನಂತೆ. ಅಪ್ಪನಿಗೆ ಕಾಣದಂತೆ.

ಹೋದ ವರ್ಷ ಎದೆನೋವೆಂದು ಮಲಗಿದ ಭಾವ ಮತ್ತೆ ಏಳಲಿಲ್ಲ. ಹೆಣಕ್ಕೆ ಸ್ನಾನ ಮಾಡಿಸುವಾಗ ಅಣ್ಣ ಬಂದು, "ಮೈಮೇಲಿನ ಒಡವೆ ತೆಗೀರಿ" ಎಂದು ಪದ್ಧತಿಯ ಮಾತಾಡಿದರು. ಯಾರೋ ಎಡಗೈ ಹಿಡಿದರು. ಅಕ್ಕ, "ಅದಕ್ಕ ಕೈ ಹಚ್ಚಬ್ಯಾಡ್ರಿ" ಎಂದಳು. ಅಣ್ಣನ ಮುಖವನ್ನೇ ನೋಡಿ ಹೇಳಿದಳು: "ಒಡವಿ ಅಲ್ಲಂತ ನೀವ ಹೇಳಿದ್ರಲ್ಲ." ಅಣ್ಣ ಹಿಂದೆ ಸರಿದರು. ಉಂಗುರ ಭಾವನ ಜೊತೆಗೇ ಮಣ್ಣಿಗೆ ಹೋಯಿತು.

ಎದುರು ಮನೆಯವರು ಹೋರಿಯ ಕೊಂಬಿಗೆ ಬಣ್ಣ ಬಳಿದು ಒಳಗೆ ಹೋದರು. ನಾನು ಸೊರಬಕ್ಕೆ ಫೋನು ಮಾಡಿ ಹಬ್ಬಕ್ಕೆ ಬಾ ಎಂದೆ. ಅಕ್ಕ, ನೋಡೋಣ ಎಂದಳು. ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಸಿಟ್ಟು ಮಾಡಿಕೊಳ್ಳಲು ನನಗೆ ಬೇಕಾದಷ್ಟು ಜನ ಉಳಿದಿದ್ದಾರೆ. "ಹೋಗ್ಲಿ ಬಿಡೋ ಮಾರಾಯ, ಬಾ ಊಟ ಮಾಡು" ಎಂದು ಆ ಸಿಟ್ಟಿನಿಂದ ನನ್ನನ್ನು ಎಬ್ಬಿಸಿಕೊಂಡು ಹೋಗುತ್ತಿದ್ದ ಭಾವ ಮಾತ್ರ ಇಲ್ಲ.