ಅತ್ತೆಯ ಫೈಲ್ ಮಾತ್ರ ಹರಿಹರಕ್ಕೆ ಹೋಗುತ್ತಿತ್ತು

ಕತ್ತರಿಯಿಂದ ಕತ್ತರಿಸಿದ, ಆರು ಮಾತ್ರೆಗಳ ಒಂದು ಶೀಟು. ನಾಲ್ಕು ಗುಳಿ ಖಾಲಿ, ಎರಡರಲ್ಲಿ ಮಾತ್ರೆ ಇನ್ನೂ ಇದೆ. ಹಿಂಬದಿಯ ಬೆಳ್ಳಿ ಹಾಳೆಯ ಮೇಲೆ ನೀಲಿ ಮಾರ್ಕರಿನಲ್ಲಿ ಬರೆದ ಅರ್ಧಚಂದ್ರ, ಪಕ್ಕದಲ್ಲಿ ಅಚ್ಚಾದ ಹತ್ತು ಎಂಬ ಅಂಕಿ. ಚಂದ್ರನನ್ನು ಬರೆದವಳು ನಾನು. ಅಂಕಿಯ ಸುತ್ತ ಉಗುರಿನಿಂದ ಗೀರಿದ ಗುರುತು ಎದುರುಮನೆ ಅತ್ತೆಯದು.

ಕಳೆದ ವಾರ ಅಮ್ಮನ ಆಸ್ಪತ್ರೆ ಕಾಗದಗಳನ್ನು ಇಡಲು ಹಳೆಯ ಚೀಲವೊಂದನ್ನು ಕಪಾಟಿನ ಮೇಲಿಂದ ಇಳಿಸಿದೆ. ಹರಿಹರದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ದಿನವೂ ಹೆಗಲಿಗೆ ಹಾಕಿಕೊಳ್ಳುತ್ತಿದ್ದ ಚೀಲ ಅದು. ಶೀಟು ಅದರ ಪಕ್ಕದ ಜೇಬಿನಲ್ಲಿ, ನಾನು ಇಟ್ಟಲ್ಲಿಯೇ ಇತ್ತು.

ವಿನೋಬನಗರದ ನಮ್ಮ ಓಣಿಯಲ್ಲಿ ಅತ್ತೆ ಅನುಮಾನಕ್ಕೆ ಹೆಸರಾಗಿದ್ದರು. ತರಕಾರಿ ಗಾಡಿಯವನ ತಕ್ಕಡಿಯನ್ನು ಎತ್ತಿ ಅಡಿಭಾಗ ನೋಡುತ್ತಿದ್ದರು. ಹಾಲಿಗೆ ಬೆರಳು ಅದ್ದಿ, ಹನಿ ಹೇಗೆ ಇಳಿಯುತ್ತದೆಂದು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದರು.

"ಲ್ಯಾಬಿಗೆ ಕಳಿಸ್ತೀರೇನ್ರಿ ಅತ್ತೆ?" ಎಂದು ಹಾಲಿನವನು ಒಮ್ಮೆ ಕೇಳಿದ.

"ಕಳಿಸ್ತೀನಿ. ನಾಳೆ ನಿನ್ನ ಎಮ್ಮೀನೂ ಕರ್ಕಂಡು ಬಾ."

ಅವರ ಯಜಮಾನರು ಹರಿಹರದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ನಾನು ಅವರನ್ನು ಮಾವ ಎನ್ನುತ್ತಿದ್ದೆ. ಮೊದಲು ಮಾವನಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದರು. ಎರಡು ವರ್ಷ ಕಳೆದ ಮೇಲೆ ಅತ್ತೆಗೂ ಹಾಗೆಯೇ ಆಯಿತು. ಇಬ್ಬರಿಗೂ ಹರಿಹರದ ಒಬ್ಬರೇ ಡಾಕ್ಟರು. ಅತ್ತೆಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಅದಕ್ಕೆ ಭಾನುವಾರ ನಾನು ಹೋಗಿ ಬೆಳಗಿನ ಮಾತ್ರೆಗೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದು ಕೊಡುತ್ತಿದ್ದೆ. ಆದರೆ ಅಂಕಿಗಳು ಅವರಿಗೆ ಚೆನ್ನಾಗಿ ಗೊತ್ತಿದ್ದವು.

"ಇಲ್ನೋಡವ್ವ," ಎಂದು ಒಂದು ಭಾನುವಾರ ಎರಡು ಶೀಟು ಮುಂದೆ ಹಿಡಿದರು. "ಇದು ಕೊಲೆಸ್ಟ್ರಾಲ್ ಗುಳಿಗೆ. ಅಕ್ಷರ ಒಂದಕ್ಕೊಂದು ಹೊಂದಿಸಿ ನೋಡೀನಿ, ಹೆಸರು ಒಂದೇ. ಅವರದ್ರ ಮ್ಯಾಲೆ ನಲವತ್ತು ಐತೆ, ನಂದ್ರ ಮ್ಯಾಲೆ ಹತ್ತು. ಇಬ್ಬರಿಗೂ ಹಾಕಿದ್ದು ಅದೇ ಸ್ಪ್ರಿಂಗು. ನನ್ನ ಹಾರ್ಟ್ ಏನು ಕಾಲು ಭಾಗ ಐತೇನು?"

ಮಾವ ಪೇಪರಿನಿಂದ ತಲೆ ಎತ್ತಿದರು. "ಇಷ್ಟು ದಿನ ಈಕಿ ಅನುಮಾನ ಹಾಲಿನವನ ಮ್ಯಾಲಿತ್ತು. ಈಗ ಡಾಕ್ಟ್ರ ಮ್ಯಾಲೆ ಬಂತು ನೋಡು."

ನಾನೂ ನಕ್ಕೆ. ಅತ್ತೆ ನಗಲಿಲ್ಲ. ಶೀಟನ್ನು ಕತ್ತರಿಸಿ ನನ್ನ ಕೈಗಿಟ್ಟರು. "ನೀನು ಓದಿದೋಳು, ದಿನಾ ಹರಿಹರಕ್ಕೆ ಹೋಗೋಳು. ಇದನ್ನ ತೋರ್ಸಿ ಕೇಳ್ಕಂಡು ಬಾ."

ಆ ವಾರವೇ ಬಸ್ಸಿನಲ್ಲಿ ಮಾವ ಸಿಕ್ಕರು. ಮೂರು ತಿಂಗಳಿಗೊಮ್ಮೆ ತೋರಿಸಿಕೊಳ್ಳುವ ದಿನ. ತೊಡೆಯ ಮೇಲೆ ಎರಡು ಫೈಲು: ಒಂದು ದಪ್ಪ, ಒಂದು ತೆಳ್ಳಗೆ.

"ಅತ್ತೆ ಬರಲಿಲ್ವಾ ಮಾವ?"

"ಆಕಿ ಫೈಲ್ ಬಂದೈತಲ್ಲ. ಬಸ್ಸು ಹತ್ತಿದ್ರೆ ಆಕಿಗೆ ವಾಂತಿ. ನಾನು ಹೆಂಗೂ ಹೋಗೋನು, ಇಬ್ಬರದೂ ಒಂದೇ ಸಲ ಮುಗೀತದೆ."

ದಾರಿಯಲ್ಲಿ ಬಾತಿ ಊರು ದಾಟುವವರೆಗೂ ನಾನು ಆ ತೆಳ್ಳನೆಯ ಫೈಲನ್ನೇ ನೋಡುತ್ತಿದ್ದೆ. ಹರಿಹರದಲ್ಲಿ ಇಳಿದಾಗ ಕ್ಲಾಸಿಗೆ ಇನ್ನೂ ಹೊತ್ತಿತ್ತು, ಮಾವನ ಜೊತೆ ಡಾಕ್ಟರ ಕೋಣೆಗೆ ಹೋದೆ. ಡಾಕ್ಟರು ಅವರ ಬಿ.ಪಿ. ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು, ಹೊಸ ರಕ್ತದ ರಿಪೋರ್ಟನ್ನು ಸಾಲು ಸಾಲಾಗಿ ಓದಿದರು. ಆಮೇಲೆ ತೆಳ್ಳನೆಯ ಫೈಲು ತೆರೆದರು.

"ಮನೆಯವರು ಹೆಂಗಿದ್ದಾರೆ?"

"ಆರಾಮ್ ಅದಾರ್ರಿ ಸರ್. ಮೈಕೈ ನೋವು ಅಂತಿದ್ರಲ್ಲ, ನೀವು ಹತ್ತಕ್ಕೆ ಇಳಿಸಿದ ಮ್ಯಾಲೆ ಏನೂ ಅಂದಿಲ್ಲ."

"ಹಂಗಾದ್ರೆ ಅದೇ ಇರ್ಲಿ ಬಿಡ್ರಿ."

ಆ ಫೈಲಿನಲ್ಲಿ ಇದ್ದದ್ದು ಒಂದೇ ರಕ್ತದ ರಿಪೋರ್ಟು, ಸ್ಟೆಂಟ್ ಹಾಕಿದಾಗಿನದು. ಅದನ್ನು ನಾನು ನೋಡಿದೆ. ಶೀಟು ಇಟ್ಟಿದ್ದ ಚೀಲದ ಜಿಪ್ಪಿನ ಮೇಲೆ ನನ್ನ ಕೈ ಇತ್ತು. ಹೊರಗೆ ಜನ ಕಾಯುತ್ತಿದ್ದರು, ನಾನು ಮನೆಯವಳಲ್ಲ, ಮಾವ ಏನೆಂದುಕೊಂಡಾರು... ಇಂಥವೇ ಕಾರಣಗಳು. ಕೇಳಲಿಲ್ಲ.

ಸಂಜೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಕೇಳಿದೆ ಅತ್ತೆ, ಸರಿಯಾಗೇ ಇದೆಯಂತೆ" ಎಂದೆ. ಹಾಲಿನ ಹನಿಯನ್ನು ನೋಡುವಂತೆ ಒಂದು ಕ್ಷಣ ನನ್ನನ್ನು ನೋಡಿದರು. "ನೀನು ಹೇಳಿದ ಮ್ಯಾಲೆ ಆತು ಬಿಡು" ಎಂದು ಒಳಗೆ ಹೋದರು. ನನಗೆ ತಿಳಿದ ಮಟ್ಟಿಗೆ ಅವರು ಪರೀಕ್ಷಿಸದೆ ಒಪ್ಪಿಕೊಂಡದ್ದು ಅದೊಂದೇ ಮಾತು.

ಮರುವರ್ಷ ಒಂದು ಮಧ್ಯಾಹ್ನ ಅವರಿಗೆ ಎರಡನೆಯ ಸಲ ಹೃದಯಾಘಾತವಾಯಿತು. ಉಳಿಯಲಿಲ್ಲ. ಬಂದವರಿಗೆಲ್ಲ ಮಾವ ಒಂದೇ ಮಾತು ಹೇಳುತ್ತಿದ್ದರು: "ಗುಳಿಗೆ ಒಂದು ದಿನಾನೂ ತಪ್ಪಿಸಿರಲಿಲ್ಲ."

ಬಹಳ ದಿನ ನಾನು ಮಾವನ ಮೇಲೆ ಅನುಮಾನಪಟ್ಟೆ. ಆದರೆ ಮಾತ್ರೆ ಮುಗಿಯುವ ಮೊದಲೇ ತಂದಿಡುತ್ತಿದ್ದವರು ಅವರೇ. ಆಮೇಲೆ ಡಾಕ್ಟರ ಮೇಲೆ. ಅವರಿಗೆ ಸಿಕ್ಕಿದ್ದು ಗಂಡ ಹೇಳಿದಷ್ಟೇ ಸುದ್ದಿ. ಆದರೂ ಒಂದು ಸಲ ಕರೆದುಕೊಂಡು ಬನ್ನಿ ಎನ್ನಬಹುದಿತ್ತಲ್ಲ... ಹೃದಯದ ಕಾಯಿಲೆಯಿರುವ ಹೆಂಗಸರಿಗೆ ಈ ಮಾತ್ರೆಯನ್ನು ಗಂಡಸರಿಗಿಂತ ಕಡಿಮೆ ಪ್ರಮಾಣದಲ್ಲಿ ಕೊಡುವುದು ಎಷ್ಟೋ ಕಡೆ ಕಂಡುಬಂದಿದೆ ಎಂದು ನಂತರ ಓದಿದೆ. ನಲವತ್ತು ಕೊಟ್ಟಿದ್ದರೆ ಅತ್ತೆ ಉಳಿಯುತ್ತಿದ್ದರೇ? ನನಗೆ ಗೊತ್ತಿಲ್ಲ. ನಾನು ಕೇಳಿದ್ದರೆ ಒಂದು ರಕ್ತ ಪರೀಕ್ಷೆಯಾದರೂ ಆಗುತ್ತಿತ್ತು. ಅಷ್ಟು ಗೊತ್ತು.

ಎರಡು ತಿಂಗಳ ಹಿಂದೆ ನಮ್ಮ ಅಮ್ಮನಿಗೂ ಸ್ಟೆಂಟ್ ಹಾಕಿದ್ದಾರೆ. ಶೀಟು ಕೈಗೆ ಸಿಕ್ಕ ಆ ಸಂಜೆ ಅಪ್ಪ ಹಾಲ್‌ನಲ್ಲಿ ಅಮ್ಮನ ಫೈಲು ಜೋಡಿಸುತ್ತಿದ್ದರು. ಮರುದಿನ ಡಾಕ್ಟರಿಗೆ ತೋರಿಸಬೇಕಿತ್ತು.

"ನೀನ್ಯಾಕ ಬರ್ತಿ ಬಿಸಿಲಾಗೆ? ನಾನು ಫೈಲ್ ತೋರ್ಸಿ ಬರ್ತೀನಿ" ಎಂದು ಅಮ್ಮನಿಗೆ ಕೂಗಿ ಹೇಳಿದರು.

ಅಡುಗೆಮನೆಯಿಂದ ಅಮ್ಮ ಹೇಳಿದಳು, "ಹಂಗೇ ಮೈಕೈ ನೋವು ಅಂತ ಹೇಳ್ರಿ. ಆ ರಾತ್ರಿ ಗುಳಿಗೆ ಕಮ್ಮಿ ಮಾಡ್ಲಿ."

ನಾನು ಫೈಲನ್ನು ಅಪ್ಪನ ಕೈಯಿಂದ ತೆಗೆದುಕೊಂಡೆ.

ಮರುದಿನ ಬೆಳಿಗ್ಗೆ ಅಮ್ಮನಿಗೆ ಚಹಾ ಕೊಡಲಿಲ್ಲ. ಒಂದು ಗುಟುಕಾದರೂ ಕೊಡೇ ಎಂದು ಗೊಣಗಿದಳು. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಎಂ.ಸಿ.ಸಿ. ಬಡಾವಣೆಯ ಲ್ಯಾಬಿಗೆ ಕರೆದೊಯ್ದು ಖಾಲಿ ಹೊಟ್ಟೆಯಲ್ಲೇ ಪರೀಕ್ಷೆಗೆ ರಕ್ತ ಕೊಡಿಸಿದೆ. ತಿಂಡಿ ತಿನ್ನಿಸಿ, ರಿಪೋರ್ಟ್ ಬರುವವರೆಗೆ ಕಾದು, ಡಾಕ್ಟರ ಮುಂದಿನ ಸ್ಟೂಲಿನ ಮೇಲೆ ಅವಳನ್ನೇ ಕೂರಿಸಿದೆ. ಡಾಕ್ಟರು ಫೈಲಿಗಾಗಿ ನನ್ನ ಕಡೆ ಕೈ ಚಾಚಿದರು. ನಾನು ಅದನ್ನು ತೊಡೆಯ ಮೇಲೇ ಇಟ್ಟುಕೊಂಡೆ.

"ಮೊದಲು ಅಮ್ಮನನ್ನು ಕೇಳಿ ಸರ್" ಎಂದೆ. "ಆಮೇಲೆ ನಾನೊಂದು ಕೇಳಬೇಕು."