ಆಯುಧಪೂಜೆಗೆ ಬಲಿಯಾದ ಮೀಟರ್‌ಗಳು

೧೯೮೪ರ ದಸರೆಯ ಸಮಯ. ವೋಲ್ಟೇಜ್ ಅಳೆಯಲು ಕೈಯಲ್ಲಿ ಹಿಡಿದು ಓಡಾಡುವಂಥ ಡಿಜಿಟಲ್ ಮೀಟರ್‌ಗಳನ್ನು ತಯಾರಿಸುವ ಚಾಮರಾಜಪೇಟೆಯ ಪುಟ್ಟ ವರ್ಕ್‌ಶಾಪಿಗೆ ನಾನು ಸೇರಿ ಐದು ತಿಂಗಳಾಗಿತ್ತು. ಆರು ತುಂಬಿದರೆ ಕೆಲಸ ಖಾಯಂ. ಹನ್ನೆರಡು ಜನರಲ್ಲಿ ಹೆಂಗಸು ನಾನೊಬ್ಬಳೇ.

ಆ ಮೀಟರಿನ ಜೀವವೆಂದರೆ ಅದರೊಳಗಿನ ಐಸಿ ಎಂಬ ಪುಟ್ಟ ಚಿಪ್. ಒಣಹವೆಯಲ್ಲಿ ತಲೆ ಬಾಚುವಾಗ ಕೂದಲು ಚಟಚಟ ಎನ್ನುತ್ತದಲ್ಲ, ಅಷ್ಟು ಸ್ಟ್ಯಾಟಿಕ್ ವಿದ್ಯುತ್ತು ತಗುಲಿದರೂ ಅದು ಸತ್ತುಹೋಗುತ್ತದೆ. ಅದಕ್ಕೇ ಐಸಿಗಳನ್ನು ಅವುಗಳ ಜೊತೆಗೇ ಬರುವ ಕಪ್ಪು ಸ್ಪಂಜಿನಲ್ಲಿ ಚುಚ್ಚಿಡಬೇಕು. ನಾನಂತೂ ನೈಲಾನ್ ಸೀರೆ ಉಡುವುದನ್ನೇ ಬಿಟ್ಟಿದ್ದೆ. ಮಣಿಕಟ್ಟಿಗೆ ಅರ್ಥಿಂಗ್ ತಂತಿ ಕಟ್ಟಿಕೊಂಡೇ ಅವನ್ನು ಮುಟ್ಟುತ್ತಿದ್ದೆ.

ಆಯುಧಪೂಜೆಯ ಬೆಳಿಗ್ಗೆ ಒಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತುಬಿಟ್ಟೆ. ವರ್ಕ್‌ಶಾಪಿನ ಯಜಮಾನರು ರೇಷ್ಮೆ ಮಡಿ ಉಟ್ಟು, ಥರ್ಮೋಕೋಲ್ ಮಂಟಪದ ತುಂಬ ಐಸಿಗಳನ್ನು ಸಾಲಾಗಿ ಚುಚ್ಚಿದ್ದರು. ಒಂದೊಂದನ್ನೂ ರೇಷ್ಮೆ ಶಲ್ಯದಿಂದ ಉಜ್ಜಿ ಕುಂಕುಮ ಇಡುತ್ತಿದ್ದರು. ರೇಷ್ಮೆ, ಥರ್ಮೋಕೋಲ್ ಎರಡೂ ಉಜ್ಜಿದರೆ ಸ್ಟ್ಯಾಟಿಕ್ ಹುಟ್ಟಿಸುವಂಥವೇ.

"ಸಾರ್, ಮುಟ್ಬೇಡಿ, ಕೆಟ್ಟೋಗತ್ತೆ!" ಎಂದೆ.

"ಹಬ್ಬದ ದಿನ ಕೆಟ್ಟ ಮಾತಾಡ್ಬೇಡಮ್ಮ. ಆ ಕರೀ ಸ್ಪಂಜನ್ನ ದೇವ್ರ ಮುಂದೆ ಇಡಕ್ಕಾಗತ್ತಾ?" ಎಂದು ಗದರಿದರು.

ಹಬ್ಬ ಮುಗಿದ ಮೇಲೆ ಅವೇ ಐಸಿಗಳನ್ನು ಹಾಕಿ ಹತ್ತು ಮೀಟರ್ ಜೋಡಿಸಿದೆ. ಎಂಟರಲ್ಲಿ ಅಂಕಿಯೇ ಮೂಡಲಿಲ್ಲ. ಯಜಮಾನರು ಎಲ್ಲರೆದುರು ನನ್ನ ಮೇಲೆ ಹರಿಹಾಯ್ದರು.

"ಹೆಂಗಸ್ರಿಗೆ ಸಾಲ್ಡರಿಂಗ್ ಕೊಟ್ಟಿದ್ದೇ ನನ್ ತಪ್ಪು. ಒಂದನೇ ತಾರೀಕಿಂದ ಬರ್ಬೇಡ."

ಕೋಪ ನೆತ್ತಿಗೇರಿತು. ಮಂಟಪದಲ್ಲಿ ಜಾಗ ಸಾಲದೆ ಎರಡು ಐಸಿ ಸ್ಪಂಜಿನಲ್ಲೇ ಉಳಿದಿದ್ದವು. ಎರಡು ಸತ್ತ ಮೀಟರ್‌ಗಳಿಂದ ಹಳೆಯ ಐಸಿ ಕಿತ್ತು, ಇವನ್ನು ನನ್ನ ಕೈಯಾರೆ ಬೆಸೆದು, ಯಜಮಾನರ ಕೋಣೆಗೆ ಒಯ್ದು, "ಇವು ಪೂಜೆಗಿಡದ ಐಸಿ ಸಾರ್" ಎಂದು ಸ್ವಿಚ್ ಒತ್ತಿದೆ. ಎರಡರಲ್ಲೂ ಅಂಕಿ ಮೂಡಿತು.

ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದರು. "ನಂದೇ ತಪ್ಪಾಯ್ತಮ್ಮ. ಕೆಲ್ಸದಲ್ಲಿರು. ಆದ್ರೆ ಇದು ನಮ್ಮಿಬ್ರಲ್ಲೇ ಇರ್ಲಿ."

ನಾನು ಬಾಗಿಲು ತೆರೆದು ಎಲ್ಲರನ್ನೂ ಕರೆದೆ. "ಈಗ ಹೇಳಿ ಸಾರ್" ಎಂದೆ. ಅವರು ಆ ಎರಡು ಮೀಟರ್‌ಗಳನ್ನು ಮೇಜಿನ ಡ್ರಾಯರಿಗೆ ಹಾಕಿ ಮುಚ್ಚಿದರು. ಉಳಿದವರು ಒಬ್ಬೊಬ್ಬರಾಗಿ ತಮ್ಮ ಬೆಂಚಿಗೆ ಮರಳಿದರು. ನಾಳೆಯಿಂದ ಬರುವುದಿಲ್ಲವೆಂದು ಹೇಳಿ ಹೊರಟುಬಂದೆ.

ಬೇರೆ ಕಡೆ ಕೆಲಸ ಸಿಕ್ಕಿತು. ಐಸಿ ಹಾಳಾದದ್ದನ್ನು ಎಂದೋ ಮರೆತಿದ್ದೇನೆ. ಆದರೆ ನನ್ನನ್ನು ಬೈಯಲು ಆ ಮನುಷ್ಯನಿಗೆ ಊರೆಲ್ಲ ಬೇಕಾಯಿತು, ತಪ್ಪು ಒಪ್ಪಿಕೊಳ್ಳಲು ಮಾತ್ರ ಬಾಗಿಲು ಮುಚ್ಚಬೇಕಾಯಿತಲ್ಲ, ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.